ಕೆರಿಗೂ ಕೇರಿಗೂ ಒಂದು ದೀರ್ಘದ ದೂರ

"ಹಕ್ಕಿ ನೋಡೋದು ಹೊಟ್ಟಿ ತುಂಬಿದವರ ಕೆಲಸ" ಎಂದು ನಮ್ಮ ಸಂಗಾತಿಗಳು ಹೇಳುತ್ತಾರೆ. "ಹಕ್ಕಿ ನೋಡಾಕ ಒಂದು ಸಂಸ್ಕಾರ ಬೇಕಾಗ್ತದ" ಎಂದು ಬೆಳಗಿನ ವಾಕಿಂಗಿನ ದೊಡ್ಡ ಮನುಷ್ಯರು ಹೇಳುತ್ತಾರೆ. ಒಬ್ಬರು ಹೋರಾಟದ ಹೆಸರಿನಲ್ಲಿ, ಇನ್ನೊಬ್ಬರು ಸಂಸ್ಕೃತಿಯ ಹೆಸರಿನಲ್ಲಿ. ಇಬ್ಬರೂ ಸೇರಿ ನಮ್ಮನ್ನು ಉದ್ಯಾನದ ಗೇಟಿನ ಹೊರಗೇ ನಿಲ್ಲಿಸುತ್ತಾರೆ. ಈ ಇಬ್ಬರ ಮಾತನ್ನೂ ನಾವು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂಬುದನ್ನು ಹುಬ್ಬಳ್ಳಿ-ಧಾರವಾಡದ ಕೆರೆ, ಮರ, ಹದ್ದು, ಕಸಬರಿಗೆ ಇವನ್ನೇ ಮುಂದಿಟ್ಟುಕೊಂಡು ಹೇಳುತ್ತೇವೆ.

ಮೊದಲು ಮಾತಿನ ಲೆಕ್ಕ. ನಮ್ಮ ಕಡೆ ಕೆರೆಗೆ ಕೆರಿ ಅನ್ನುತ್ತಾರೆ. ನಾವು ಹುಟ್ಟಿ ಬೆಳೆದದ್ದು ಕೇರಿ. ಕಾಗದದ ಮೇಲೆ ಇವೆರಡರ ನಡುವೆ ಇರುವುದು ಒಂದೇ ಒಂದು ದೀರ್ಘ. ನೆಲದ ಮೇಲೆ ಆ ದೀರ್ಘ ಎಷ್ಟು ಉದ್ದವೆಂದರೆ, ನಮ್ಮ ಅಜ್ಜಿಯಂದಿರು ಕೊಡ ಕೆಳಗಿಟ್ಟು, ಮೇಲಿನವರು ಯಾರಾದರೂ ಬಂದು ನೀರು ಹಾಕಲಿ ಎಂದು ದಂಡೆಯಲ್ಲಿ ಕಾಯುತ್ತ ಆಯುಷ್ಯ ಕಳೆದರು. ಈಗ ಆ ಕೆರಿಗಳ ದಂಡೆಗೆ ಉದ್ಯಾನಗಳಾಗಿವೆ. ಹುಬ್ಬಳ್ಳಿಯಲ್ಲಿ ಉಣಕಲ್, ತೋಳನಕೆರೆ. ಧಾರವಾಡದಲ್ಲಿ ಕೆಲಗೇರಿ, ಸಾಧನಕೇರಿ. (ಸಾಧನಕೇರಿಯ ಬಾಲದಲ್ಲಿಯೂ ಒಂದು ಕೇರಿ ಇದೆ. ಅಲ್ಲಿಗೆ ಹೋಗುವ ರಸಿಕರು ಯಾರೂ ಕೇರಿಗೆ ಹೊಂಟೇವಿ ಅಂತ ಮೂಗು ಮುಚ್ಚಿಕೊಳ್ಳುವುದಿಲ್ಲ.) 2016ರಲ್ಲಿ ಅವಳಿನಗರ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲಂತೂ ಎಲ್ಲರ ಬಾಯಲ್ಲಿಯೂ 'ಸುಂದರೀಕರಣ' ಎಂಬ ಒಂದೇ ಜಪ. ಊರು ಸುಂದರವಾಗಬಾರದು ಎನ್ನುವವರು ನಾವಲ್ಲ. ಯಾರ ಕಣ್ಣಿಗೆ ಸುಂದರ, ಯಾರ ರಟ್ಟೆಯಿಂದ ಸುಂದರ ಎಂದು ಕೇಳುವವರು.

ಒಂದು ಭಾನುವಾರದ ಸಂಗತಿ ಹೇಳಬೇಕು. ಕಳೆದ ಚಳಿಗಾಲ, ನಮ್ಮ ಅವಳಿನಗರದ ಒಂದು ಕೆರೆಯ ಉದ್ಯಾನದಲ್ಲಿ ಹಕ್ಕಿ ನೋಡುವವರ ಗುಂಪೊಂದು ಸೇರಿತ್ತು. ನಾವು ಮೂವರು ಹೋಗಿದ್ದೆವು. ಕೈಯಲ್ಲಿ ದುರ್ಬೀನು ಇರಲಿಲ್ಲ, ಕಣ್ಣಿದ್ದವು. ಗುಂಪಿನ ಹಿರಿಯರು ಸಜ್ಜನರು, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಹೆಸರು ಕೇಳಿದರು, ಆಮೇಲೆ ಊರು ಕೇಳಿದರು, ಆಮೇಲೆ "ಊರಾಗ ಎಲ್ಲಿ?" ಎಂದು ಕೇಳಿದರು. ಈ ಮೂರನೆಯ ಪ್ರಶ್ನೆಯ ಅರ್ಥವನ್ನು ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೇಳಿದೆವು. ಅವರು "ಛಲೋ ಆತು, ಬರ್ರಿ" ಅಂದರು. ಹೋದೆವು.

ನೀರಿನ ಮೇಲೆ ಬಿಳಿ ತಲೆಯ, ಇಟ್ಟಂಗಿ ಬಣ್ಣದ ಹಕ್ಕಿಯೊಂದು ತೇಲಿ ಬಂತು. "ಗರುಡ, ಗರುಡ!" ಎಂದು ದುರ್ಬೀನುಗಳೆಲ್ಲ ಮೇಲೆದ್ದವು. ಇಬ್ಬರು ಕೈಮುಗಿದರು, ಒಬ್ಬರು ಗಲ್ಲ ಬಡಿದುಕೊಂಡರು. ಅದರ ಬೆನ್ನಿಗೇ ಕಂದು ಮೈಯ, ಕವಲು ಬಾಲದ ಹದ್ದು ಬಂತು. ಒಂದಲ್ಲ, ಎಂಟು ಹತ್ತು. ನಮ್ಮೊಳಗೊಬ್ಬ ಹುರುಪಿನಿಂದ "ಸರ್, ಅಲ್ನೋಡ್ರಿ, ಹದ್ದು" ಎಂದ. "ಅದು ಬರೇ ಹದ್ದು ತಮ್ಮಾ. ಕಸದ ಹಕ್ಕಿ. ಅದನ್ನೇನ ಬರಕೋಬ್ಯಾಡ" ಎಂದರು ಹಿರಿಯರು. ಪಟ್ಟಿಯಲ್ಲಿ ಗರುಡ ಬಂತು, ಹದ್ದು ಬರಲಿಲ್ಲ. ಆ ಮುಂಜಾನೆ ಕೆರೆಯ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿದ್ದ ಹಕ್ಕಿ ಪಟ್ಟಿಯಲ್ಲಿಯೇ ಇಲ್ಲ!

ಸ್ವಲ್ಪ ಹೊತ್ತಿಗೆ ಗರುಡ ಕೆಳಗಿಳಿದು ನೀರಿನ ಮೇಲೆ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಸತ್ತ ಮೀನೊಂದನ್ನು ಎತ್ತಿಕೊಂಡು ಹೋಯಿತು. ಇದು ನಾವು ಕಟ್ಟಿದ ಕತೆಯಲ್ಲ, ಗರುಡನ ಊಟವೇ ಅದು. ಸತ್ತ ಮೀನು, ಏಡಿ, ಕಪ್ಪೆ, ಬಂದರಿನಲ್ಲಿ ದೋಣಿಯಿಂದ ಎಸೆದ ಹೊಲಸು. ಹಕ್ಕಿ ಬಲ್ಲವರು ಯಾರನ್ನಾದರೂ ಕೇಳಿ. ಸತ್ತದ್ದನ್ನು ಹದ್ದು ತಿಂದರೆ ಕಸದ ಹಕ್ಕಿ, ಗರುಡ ತಿಂದರೆ ದರ್ಶನ. ಈ ನ್ಯಾಯ ನಮಗೆ ಹೊಸದಲ್ಲ. ಆಕಾಶದಾಗೂ ಇದೇ ನ್ಯಾಯ ಅದ ಅಂತ ಗೊತ್ತಿದ್ದಿಲ್ಲ, ಅಷ್ಟೇ.

ಆಮೇಲೆ ಹಿರಿಯರ ಚೀಲದೊಳಗಿದ್ದ ಹಳೆಯ ಇಂಗ್ಲಿಷ್ ಪುಸ್ತಕ ತೆಗೆಸಿ ನೋಡಿದೆವು. ಗರುಡನ ಹೆಸರು 'ಬ್ರಾಹ್ಮಿನಿ ಕೈಟ್'. ಹದ್ದಿನ ಹೆಸರು 'ಪರಾಯಾ ಕೈಟ್'. ಸಲೀಂ ಅಲಿಯವರ ಪುಸ್ತಕ 1941ರಲ್ಲಿ ಬಂದದ್ದು, ಅದರ ಹಳೆಯ ಮುದ್ರಣಗಳಲ್ಲಿಯೂ ಈ ಹೆಸರೇ. ಅವರು ಇಟ್ಟದ್ದಲ್ಲ, ಅವರಿಗಿಂತ ಹಿಂದಿನ ಬಿಳಿಯ ಸಾಹೇಬರು ಇಟ್ಟದ್ದು. ಸಾಹೇಬನಿಗೆ ಜಾತಿ ಇರಲಿಲ್ಲ, ಆದರೆ ಅವನ ಪಕ್ಕದಲ್ಲಿ ನಿಂತು ಹಕ್ಕಿ ತೋರಿಸಿದವರಿಗೆ ಇತ್ತು. ಬಿಳಿ ತಲೆಯ ಹಕ್ಕಿಯೂ ಬ್ರಾಹ್ಮಣ, ಚಳಿಗಾಲದಲ್ಲಿ ಬರುವ ಕಾವಿ ಬಣ್ಣದ ಬಾತುಕೋಳಿಯೂ ಬ್ರಾಹ್ಮಣ, ಕರಿ ಜುಟ್ಟಿನ ಗೊರವಂಕವೂ ಬ್ರಾಹ್ಮಣ. ಹದ್ದು ಪರಯ, ಬೀದಿನಾಯಿ ಪರಯ. ಪರೈ ಅಂದರೆ ತಮಿಳರ ಹಲಗಿ. ಹಲಗಿ ಬಾರಿಸುವವರ ಹೆಸರು ನಾಯಿಗೂ ಹದ್ದಿಗೂ ಹೋಯಿತು. ಹೋಳಿಹುಣ್ಣಿವಿಗೆ ಹುಬ್ಬಳ್ಳಿ ಇಡೀ ಊರಿಗೆ ಊರೇ ಯಾರ ಹಲಗಿಗೆ ಕುಣಿಯುತ್ತದೆ ಎಂದು ಯಾರೂ ಕೇಳುವುದಿಲ್ಲ.

ಈಗಿನ ಪುಸ್ತಕಗಳಲ್ಲಿ ಹದ್ದಿಗೆ ಹೆಚ್ಚಾಗಿ 'ಬ್ಲ್ಯಾಕ್ ಕೈಟ್' ಎಂದಿರುತ್ತದೆ. ಪರಯ ಎಂಬ ಹೆಸರು ಬಿಟ್ಟರು, ಒಳ್ಳೆಯದು. ಬ್ರಾಹ್ಮಣ ಎಂಬ ಹೆಸರು ಮಾತ್ರ ಹಾಗೇ ಉಳಿಯಿತು. ಜಾತಿ ಹೋಗುವುದು ಹೀಗೆಯೇ: ಕೆಳಗಿನವನ ಹೆಸರು ಅಳಿಸಿ, ಮೇಲಿನವನದು ಉಳಿಸಿ, ಜಾತಿ ಹೋಯಿತು ಎನ್ನುವುದು.

ಇನ್ನೊಂದು ತಮಾಷೆ ಇದೆ. ದಖನ್ ಪ್ರದೇಶ ಸುತ್ತಿದ ಕರ್ನಲ್ ಸೈಕ್ಸ್ ಎಂಬ ಮುಂಬಯಿ ಸರಕಾರದ ಸೈನ್ಯಾಧಿಕಾರಿ 1832ರಲ್ಲಿ ಈ ಹದ್ದಿಗೆ ವಿಜ್ಞಾನದ ಹೆಸರು ಕೊಟ್ಟ. ಏನೆಂದು? ಗೋವಿಂದ! ಇವತ್ತಿಗೂ ನಮ್ಮ ನಾಡಿನ ಹದ್ದು 'ಮಿಲ್ವಸ್ ಮೈಗ್ರಾನ್ಸ್ ಗೋವಿಂದ'. ಗರುಡನ ಶಾಸ್ತ್ರದ ಹೆಸರು 'ಹಾಲಿಯಾಸ್ಟರ್ ಇಂಡಸ್', ಅಂದರೆ ಸಿಂಧೂ. ವಿಷ್ಣುವಿನ ವಾಹನಕ್ಕೆ ನದಿಯ ಹೆಸರು ಬಂತು, ಕಸದ ಹಕ್ಕಿಗೆ ವಿಷ್ಣುವಿನ ಹೆಸರೇ ಬಂತು. ಮುಂದಿನ ಸಲ ಗಲ್ಲ ಬಡಿದುಕೊಳ್ಳುವವರು ಯಾವುದಕ್ಕೆ ಬಡಿದುಕೊಳ್ಳಬೇಕು ಎಂದು ಮೊದಲು ತೀರ್ಮಾನ ಮಾಡಿಕೊಂಡು ಬರಲಿ.

ಹದ್ದು ನೋಡುವ ಸಂಸ್ಕಾರ ನಮಗಿಲ್ಲ ಎನ್ನುವವರಿಗೆ ನಮ್ಮ ಅಜ್ಜಂದಿರ ಸಂಗತಿ ಗೊತ್ತಿಲ್ಲ. ಹೊಲದಲ್ಲಿ ದನ ಸತ್ತರೆ ಊರಿನವರು ಹೇಳಿಕಳಿಸುವ ಮೊದಲೇ ಆಕಾಶ ಹೇಳುತ್ತಿತ್ತು. ರಣಹದ್ದು ವಾಸನೆಯಿಂದ ಬರುವುದಿಲ್ಲ, ಕಣ್ಣಿನಿಂದ ಬರುತ್ತದೆ. ಮುಗಿಲಿನಲ್ಲಿ ದೂರ ದೂರ ಹಂಚಿಕೊಂಡು ಸುತ್ತುವ ರಣಹದ್ದುಗಳು ಒಂದನ್ನೊಂದು ನೋಡುತ್ತಿರುತ್ತವೆ. ಒಂದು ಇಳಿದರೆ ಮೈಲಿಯಾಚೆಯದು ಅದನ್ನು ಕಂಡು ಇಳಿಯುತ್ತದೆ, ಅದನ್ನು ಕಂಡು ಮತ್ತೊಂದು. ನಮ್ಮಜ್ಜ ನೆಲದ ಮೇಲೆ ನಿಂತು ಇದೇ ಸಾಲನ್ನು ಓದುತ್ತಿದ್ದ. ಯಾವ ದಿಕ್ಕು, ಎಷ್ಟು ದೂರ, ಅವು ತೊಗಲಿಗೆ ಕೊಕ್ಕು ಹಾಕುವ ಮೊದಲು ತಾನು ಮುಟ್ಟಬಹುದೇ ಇಲ್ಲವೇ ಎಂಬ ಲೆಕ್ಕ. ಅಕ್ಷರ ಬಾರದ ಮುದುಕನ ಓದು ಅದು. ಅವನ ಕೈಯಲ್ಲಿ ಕತ್ತಿ ಇತ್ತು, ದುರ್ಬೀನು ಇರಲಿಲ್ಲ. ಆದ್ದರಿಂದ ಅವನು ಪಕ್ಷಿ ವೀಕ್ಷಕ ಅನಿಸಿಕೊಳ್ಳಲಿಲ್ಲ.

ಆ ರಣಹದ್ದುಗಳು ಹೋದವು. ದನಕ್ಕೆ ನೋವಿನ ಔಷಧಿಯೆಂದು ಕೊಡುತ್ತಿದ್ದ ಡೈಕ್ಲೋಫಿನಾಕ್, ಸತ್ತ ದನದ ಮಾಂಸದಿಂದ ರಣಹದ್ದಿನ ಹೊಟ್ಟೆ ಸೇರಿ ಅದರ ಮೂತ್ರಪಿಂಡ ಸುಟ್ಟಿತು. 1992ರಿಂದ 2007ರ ಒಳಗೆ ನಮ್ಮ ದೇಶದ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದು ಎಂಬಷ್ಟಕ್ಕೆ ಇಳಿಯಿತು. 2006ರಲ್ಲಿ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿದರು. 2012ರಲ್ಲಿ ರಾಮನಗರದ ಬೆಟ್ಟದಲ್ಲಿ ರಣಹದ್ದುಗಳಿಗೆ ಧಾಮ ಮಾಡಿದರು. ಸಂತೋಷ. ನಮ್ಮ ಹಿರಿಯರು ಸತ್ತ ದನ ಹೊರುವುದಿಲ್ಲವೆಂದು ಪ್ರತಿಜ್ಞೆ ಮಾಡಿ, ಬಹಿಷ್ಕಾರ ಉಂಡು, ಆ ಬಿಟ್ಟಿ ಚಾಕರಿ ಬಿಟ್ಟರು. ಆ ಚಾಕರಿ ನಮಗೆ ಬೇಡ, ಯಾವ ಕಾಲಕ್ಕೂ ಬೇಡ. ಆದರೆ ಚಾಕರಿಯ ಜೊತೆಗೆ ಆ ಕಣ್ಣನ್ನೂ ಬಿಟ್ಟುಬಿಟ್ಟೆವಲ್ಲ, ಅದು ನಮ್ಮ ನಷ್ಟ. ಆ ಕಣ್ಣು ನಮಗೆ ವಾಪಸು ಬೇಕು.

ಅಜ್ಜಂದಿರದು ಮುಗಿಲಿನ ಓದು. ನಮ್ಮವ್ವಂದಿರದು ನೆಲದ ಓದು. ಉದ್ಯಾನದಲ್ಲಿ ಋತು ಬದಲಾದದ್ದು ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ಕವಿಗೂ ಅಲ್ಲ, ಪಕ್ಷಿ ವೀಕ್ಷಕನಿಗೂ ಅಲ್ಲ; ಕಸ ಹೊಡೆಯುವವಳಿಗೆ. ಮಾಘ ಬಂತೆಂದರೆ ಅವರ ಸೊಂಟ ಹೇಳುತ್ತದೆ. ವಾಕಿಂಗಿನವರಿಗೆ ಎಲೆ ಉದುರುವುದು ಶಿಶಿರ, ನಮ್ಮ ಮನೆಯಲ್ಲಿ ಅದು ಪಗಾರ ಇಲ್ಲದ ಓವರ್‌ಟೈಮು. ಸೂರ್ಯ ಮೂಡುವ ಮೊದಲು ಹೊಡೆದ ದಾರಿ, ಮರಳಿ ಬರುವಷ್ಟರಲ್ಲಿ ಮತ್ತೆ ಹಾಸಿರುತ್ತದೆ. ಅದೇ ಹೊತ್ತಿಗೆ ಒಬ್ಬ ಸಾಹೇಬ ಬಂದು ಫೋಟೋ ತೆಗೆದು "ವ್ಹಾ, ಗೋಲ್ಡನ್ ಕಾರ್ಪೆಟ್" ಅನ್ನುತ್ತಾನೆ. ಅವನ ಹಿಂದಿನಿಂದ ಇನ್ನೊಬ್ಬ ಬಂದು "ಏನಬೇ, ಇನ್ನೂ ಹೊಡದಿಲ್ಲಾ?" ಅನ್ನುತ್ತಾನೆ. ಒಂದೇ ಎಲೆ, ಒಬ್ಬನಿಗೆ ಕಾವ್ಯ, ಇನ್ನೊಬ್ಬನಿಗೆ ಹೊಲಸು. ಎರಡರ ನಡುವೆ ಬಾಗಿದ ಬೆನ್ನು ಇಬ್ಬರಿಗೂ ಕಾಣುವುದಿಲ್ಲ.

ಮರಗಳನ್ನು ಶಾಸ್ತ್ರಜ್ಞರು ಹೂವಿನಿಂದ, ಕಾಯಿಯಿಂದ ವಿಂಗಡಿಸುತ್ತಾರೆ. ನಮ್ಮವ್ವಂದಿರು ಕಸಬರಿಗೆಯಿಂದ ವಿಂಗಡಿಸುತ್ತಾರೆ. ಅರಳಿ ಮರ ಒಳ್ಳೆಯದು: ಎಲೆ ದೊಡ್ಡದು, ಒಂದು ಸಲ ಎಳೆದರೆ ಗುಂಪಾಗಿ ಬರುತ್ತದೆ, ಉದುರುವುದು ಕೆಲವೇ ದಿನ, ಆಮೇಲೆ ತಾಮ್ರದ ಬಣ್ಣದ ಚಿಗುರು. ಬಸರಿಯೂ ಹಾಗೇ, ಬೋಳಾದದ್ದೂ ಹಸಿರಾದದ್ದೂ ಗೊತ್ತಾಗುವುದಿಲ್ಲ, ಅಷ್ಟು ಅವಸರದ್ದು. ಬೇವು ನಡುವಿನದು, ಯುಗಾದಿಗೆ ಹೂವು ಉದುರುವಾಗ ಹಿಟ್ಟು ಚೆಲ್ಲಿದ ಹಾಗೆ, ಕಸಬರಿಗೆಗೆ ಸಿಗದೆ ಹಾರುತ್ತದೆ. ಗುಲ್‌ಮೊಹರ್ ಕೆಟ್ಟದ್ದು, ಮಳೆಮರ ಎಲ್ಲಕ್ಕಿಂತ ಕೆಟ್ಟದ್ದು. ಅದರ ಎಲೆ ಉಗುರಿನಷ್ಟು. ಇಬ್ಬನಿ ಬಿದ್ದ ಡಾಂಬರಿಗೆ ಅಂಟಿದರೆ ಕಡ್ಡಿ ಕಸಬರಿಗೆ ಮೇಲೆ ಮೇಲೆ ಹಾದುಹೋಗುತ್ತದೆ, ಬಗ್ಗಿ ಬೆರಳಿನಿಂದ ಕೆರೆಯಬೇಕು. ಬೇಸಿಗೆಯಲ್ಲಿ ಅದರ ಕಾಯಿ ಬಿದ್ದರೆ ಒಳಗಿನ ಸಿಹಿ ಅಂಟು ಚಪ್ಪಲಿಗೂ ಹಾಸುಗಲ್ಲಿಗೂ ಹತ್ತಿಕೊಳ್ಳುತ್ತದೆ. ಆಡಿನವರು ಬಂದು ಆರಿಸಿಕೊಂಡು ಹೋದರೆ ಅವ್ವನಿಗೆ ಆಸರ, ಆದರೆ ಆಡಿನವರನ್ನು ಕಾವಲುಗಾರ ಒಳಗೆ ಬಿಡುವುದಿಲ್ಲ. ಒಟ್ಟಿದ ಎಲೆ ಒಯ್ಯಲು ಗಾಡಿ ಬರುವುದಿಲ್ಲ. ಸುಟ್ಟರೆ ಹೊಗೆ ಎಂದು ದಂಡ, ಬಿಟ್ಟರೆ ಬೈಗುಳ.

ಇಷ್ಟು ವಿವರ ಯಾವ ಉದ್ಯಾನದ ಫಲಕದ ಮೇಲೆ ಬರೆದಿದೆ? ಮರದ ಲ್ಯಾಟಿನ್ ಹೆಸರಿನ ತಗಡು ಹೊಡೆದಿದ್ದಾರೆ. ಅದರ ಕೆಳಗೆ ಇಷ್ಟನ್ನೂ ಬರೆಯಲಿ.

ಹದ್ದಿನ ಗೂಡು ಎಲ್ಲಿದೆ ಎಂದು ದುರ್ಬೀನಿನವರು ಮೇಲೆ ಹುಡುಕುತ್ತಾರೆ. ಅವ್ವ ಕೆಳಗೆ ನೋಡಿ ಹೇಳುತ್ತಾಳೆ: ಮರದ ಬುಡದಲ್ಲಿ ಚಿಂದಿ, ತಂತಿ, ಎಲುಬಿನ ಚೂರು, ಇಲಿಯ ಬಾಲ ಬಿದ್ದಿದ್ದರೆ ಮೇಲೆ ಗೂಡು. ಚಳಿ ಇಳಿಯುವ ಹೊತ್ತಿಗೆ ಹದ್ದು ಗೂಡು ಕಟ್ಟುತ್ತದೆ, ಮಳೆಗಾಲದ ಮೊದಲು ಮರಿ ಹಾರಬೇಕು. ಮರಿ ಇದ್ದಾಗ ಆ ಮರದ ಕೆಳಗೆ ಹೋದವರ ತಲೆಗೆ ಎರಗುತ್ತದೆ. ಅದಕ್ಕೇ ಆ ಎರಡು ತಿಂಗಳು ಅವ್ವಂದಿರು ಸೆರಗು ಬಿಗಿಯಾಗಿ ತಲೆಗೆ ಸುತ್ತುತ್ತಾರೆ. ವಾಕಿಂಗಿನ ಹೆಣ್ಣುಮಗಳೊಬ್ಬಳು ಅದನ್ನು ನೋಡಿ "ಹಳ್ಳಿ ಮಂದಿ, ಚಳೀಗೆ ಅಂಜತಾರ" ಅಂದಳಂತೆ.

ಇವರ ಸಂಖ್ಯೆ ಎಷ್ಟಿರಬೇಕು ಎಂದು ಇಂದು ನಿನ್ನೆ ಕೇಳಿದ ಪ್ರಶ್ನೆಯಲ್ಲ. 1976ರಲ್ಲಿಯೇ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕಿನ ವರದಿ ಕೊಟ್ಟಿತು, 500 ಜನಕ್ಕೆ ಒಬ್ಬರಿರಲಿ ಎಂದಿತು. 2022ರ ಜುಲೈಯಲ್ಲಿ ಇಡೀ ರಾಜ್ಯದ ಪೌರಕಾರ್ಮಿಕರು ಕಾಯಂ ಮಾಡಿರೆಂದು ಕಸಬರಿಗೆ ಕೆಳಗಿಟ್ಟರು. ಆ ನಾಲ್ಕು ದಿನ ಉದ್ಯಾನಗಳಲ್ಲಿ 'ಪ್ರಕೃತಿ' ಇದ್ದ ಹಾಗೇ ಬಿದ್ದಿತ್ತು. ಪ್ರಕೃತಿಪ್ರಿಯರು ಅದನ್ನು ಸಹಿಸಲಿಲ್ಲ.

ಉದ್ಯಾನದ ಇನ್ನೊಂದು ಫಲಕದ ಮೇಲೆ 'ಇಲ್ಲಿ ಮಲಗಬಾರದು' ಎಂದಿದೆ. ಇದು ಯಾರಿಗೆ? ಮನೆಯಲ್ಲಿ ಮಂಚ ಇದ್ದವರಿಗಲ್ಲ. ಗದಗ, ಕೊಪ್ಪಳ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಮಧ್ಯಾಹ್ನ ಬುತ್ತಿ ಉಂಡು, ಒಂದು ತಾಸು ಮರದ ನೆರಳಿನಲ್ಲಿ ಅಡ್ಡಾಗುವವರಿಗೆ. "ಹೊರಗಿನವರು ಬಂದು ಪಾರ್ಕ್ ಹಾಳು ಮಾಡ್ಯಾರ" ಎಂದು ದೂರು. ಹೊರಗಿನವರು ಯಾರು ಎಂದು ಸ್ವಲ್ಪ ತಲೆ ಎತ್ತಿ ನೋಡೋಣ. ಇವರು ಫೋಟೋ ತೆಗೆಯುವ ಗುಲ್‌ಮೊಹರ್ ಮಡಗಾಸ್ಕರಿನದು. ನೆರಳು ಕೊಡುವ ಮಳೆಮರ ಅಮೆರಿಕ ಖಂಡದ್ದು. ಉಣಕಲ್ ಕೆರೆಯನ್ನು ಮತ್ತೆ ಮತ್ತೆ ಮುಚ್ಚುವ ಅಂತರಗಂಗೆ ದಕ್ಷಿಣ ಅಮೆರಿಕದ್ದು. ನಮ್ಮೂರಿನ ಚರಂಡಿಯ ನೀರು ಕುಡಿದು ಕೊಬ್ಬುತ್ತದೆ, ಎದೆಮಟ್ಟದ ಹೊಲಸಿನಲ್ಲಿ ಇಳಿದು ಅದನ್ನು ಎಳೆಯುವವರು ಮತ್ತೆ ಕೂಲಿಯವರು. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಕೆರೆಯಲ್ಲಿ ವಿಶ್ರಾಂತಿ ಪಡೆಯುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಮನ್ನಣೆ ಸಿಕ್ಕಿತು. ಹುಬ್ಬಳ್ಳಿಯಿಂದ ಕಾರು ಮಾಡಿಕೊಂಡು ನೋಡಲು ಹೋಗುತ್ತಾರೆ, 'ವಿದೇಶಿ ಅತಿಥಿಗಳು' ಎಂದು ಪತ್ರಿಕೆಯಲ್ಲಿ ಬರುತ್ತದೆ. ಬರಲಿ. ಅದೇ ಶಿರಹಟ್ಟಿಯಿಂದ ಕೆಲಸ ಹುಡುಕಿ ಬಂದ ಮನುಷ್ಯ ಬೆಂಚಿನ ಮೇಲೆ ಕಣ್ಣು ಮುಚ್ಚಿದರೆ ಕಾವಲುಗಾರ ಬೂಟಿನಿಂದ ಬೆಂಚು ಬಡಿಯುತ್ತಾನೆ: "ಏ, ಏಳ್ ಮ್ಯಾಲ." ಬಾತುಕೋಳಿಗೂ ಈ ಮನುಷ್ಯನಿಗೂ ಕನ್ನಡದಲ್ಲಿ ಇರುವುದು ಒಂದೇ ಶಬ್ದ, ವಲಸೆ.

ಸಾರ್ವಜನಿಕ ಎಂಬ ಶಬ್ದಕ್ಕೆ ನಾವು ಎಷ್ಟು ಬೆಲೆ ಕೊಟ್ಟಿದ್ದೇವೆ ಎಂಬುದನ್ನು ವಾಕಿಂಗಿನವರು ಮರೆತಿರಬಹುದು. 1923ರ ಆಗಸ್ಟ್‌ನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆಯವರ ಠರಾವು ಪಾಸಾಯಿತು: ಸಾರ್ವಜನಿಕ ಹಣದಿಂದ ಕಟ್ಟಿದ, ಸರಕಾರದ ಕೈಕೆಳಗಿನ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆ ಎಲ್ಲವೂ ಅಸ್ಪೃಶ್ಯರಿಗೂ ತೆರೆದಿರಬೇಕು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು, ಅಂದರೆ ಆ ಠರಾವು ನಮ್ಮ ಕೆರಿಗಳದ್ದೂ ಹೌದು. ಕಾಗದ ಕಾಗದವಾಗಿ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಗೆ ಇಳಿದು ನೀರು ಕುಡಿದರು. ಹಕ್ಕಿ ಕುಡಿಯಬಹುದಾದ, ದನ ಕುಡಿಯಬಹುದಾದ ನೀರು ಅದು. ಮೇಲ್ಜಾತಿಯವರು 108 ಕೊಡ ಪಂಚಗವ್ಯ ಸುರಿದು ಕೆರೆ 'ಶುದ್ಧ' ಮಾಡಿದರು. ಮುಂಬಯಿ ಹೈಕೋರ್ಟು ನಮ್ಮ ಪರವಾಗಿ ತೀರ್ಪು ಕೊಡಲು 1937 ಬರಬೇಕಾಯಿತು. ಆ ವರ್ಷಗಳಲ್ಲಿಯೇ ಬಾಬಾಸಾಹೇಬರು ನಮ್ಮ ಹುಡುಗರಿಗಾಗಿ ನಡೆಸಿದ ವಸತಿಗೃಹಗಳಲ್ಲಿ ಒಂದು ಧಾರವಾಡದಲ್ಲಿತ್ತು. ಕೆರೆಯ ದಂಡೆಯ ಬೆಂಚಿನ ಮೇಲೆ ನಾವು ಕೂತಾಗ "ಇವರು ಇಲ್ಯಾಕ?" ಎಂದು ನೋಡುವ ಕಣ್ಣುಗಳಿಗೆ ಇದು ನಮ್ಮ ಉತ್ತರ. ಈ ಬೆಂಚಿಗೆ ನಾವು ಮುಂಗಡ ಕೊಟ್ಟು ನೂರು ವರ್ಷವಾಯಿತು.

ಇನ್ನು ನಮ್ಮವರ ಕಡೆ ತಿರುಗುತ್ತೇವೆ. ಇದು ಮನೆಯ ಜಗಳ, ಆದರೆ ಬಾಗಿಲು ತೆರೆದೇ ಮಾಡುವ ಜಗಳ.

1979ರ ಮಾರ್ಚ್‌ನಲ್ಲಿ ಬಂಡಾಯ ಸಾಹಿತಿಗಳ ಮೊದಲ ಸಮ್ಮೇಳನ ಬೆಂಗಳೂರಿನಲ್ಲಿ ಕೂಡಿದಾಗ ನಮ್ಮ ಹಿರಿಯರು ಹಕ್ಕಿ, ಹೂವು, ಮುಂಜಾನೆಗಳನ್ನು ಪಕ್ಕಕ್ಕೆ ಸರಿಸಿದರು. ಸರಿಯಾಗಿಯೇ ಸರಿಸಿದರು. ಕೇರಿ ಸುಡುತ್ತಿರುವಾಗ ಗುಲಾಬಿ ಬಣ್ಣಿಸುವ ಕವಿತೆ ಯಾರಿಗೆ ಬೇಕಿತ್ತು? ಅದು ಆ ಕಾಲದ ತೀರ್ಪು. ಆದರೆ ಆ ತೀರ್ಪನ್ನು ನಾವು ಶಾಸ್ತ್ರ ಮಾಡಿಕೊಂಡು ಕೂತೆವು. ನಮ್ಮ ಕವಿತೆಗಳಲ್ಲಿ ಹಕ್ಕಿ ಬಂದರೆ ಅದು ಹಕ್ಕಿಯಲ್ಲ. ಕಾಗೆ ಬಂದರೆ ಶೋಷಿತ, ಪಾರಿವಾಳ ಬಂದರೆ ಶಾಂತಿ, ಹದ್ದು ಬಂದರೆ ಜಮೀನುದಾರ. ನಾವೇ ಬರೆದಿದ್ದೇವೆ, ಬೇರೆಯವರನ್ನು ಯಾಕೆ ಬೈಯುವುದು. ಎರಡು ವರ್ಷದ ಹಿಂದೆ ಒಂದು ಕವಿಗೋಷ್ಠಿಯಲ್ಲಿ ನಾವು ಓದಿದ ಕವಿತೆಯಲ್ಲಿ ಕೇರಿಯ ಮೇಲೆ ಸುತ್ತುವ ಹದ್ದು ಊರಗೌಡ. ಚಪ್ಪಾಳೆ ಬಿತ್ತು. ಕೇಳಲು ಬಂದಿದ್ದ ಅವ್ವ ಮನೆಗೆ ಹೋಗುವಾಗ ದಾರಿಯಲ್ಲಿ ಅಂದಳು: "ಹದ್ದು ಏನ್ ಮಾಡಿತ್ತೋ ನಿನಗ? ಅದೂ ಕಸಾನ ಎತ್ತತೈತಿ, ನಾನೂ ಕಸಾನ ಎತ್ತತೀನಿ." ಕಾರವಾರ ರಸ್ತೆಯ ಕಸದ ಗುಡ್ಡೆಯ ಮೇಲೆ ದಿನಾ ಸುತ್ತುವ ಹದ್ದುಗಳನ್ನು ಕಂಡವಳ ಮಾತು ಅದು. ನಾವು ಹೋರಾಟದ ಹೆಸರಿನಲ್ಲಿ ಮಾಡಿದ್ದಾದರೂ ಏನು? ಆ ಸಜ್ಜನ ಹಿರಿಯರು ಮಾಡಿದ್ದನ್ನೇ. ಹದ್ದನ್ನು ನೋಡದೆಯೇ ಅದಕ್ಕೊಂದು ಜಾತಿ ಹಚ್ಚಿದೆವು.

ಧಾರವಾಡದಲ್ಲಿದ್ದುಕೊಂಡು ಮಳೆಯ ಮಾತಾಡಿದರೆ ಬೇಂದ್ರೆಯವರ ಹೆಸರು ಬಂದೇ ಬರುತ್ತದೆ. ಅವರ ಶ್ರಾವಣ ಸುಳ್ಳು ಎಂದು ಹೇಳಲು ನಾವು ಕೂತಿಲ್ಲ. ಸಾಧನಕೇರಿಯಲ್ಲಿ ಶ್ರಾವಣ ನಿಜವಾಗಿಯೂ ಹಾಗೇ ಬರುತ್ತದೆ, ಗುಡ್ಡಗಳು ನಿಜವಾಗಿಯೂ ಹಾಗೇ ತೊಯ್ಯುತ್ತವೆ. ಆದರೆ 2019ರ ಆಗಸ್ಟ್ ಮಳೆಯೂ ಶ್ರಾವಣದ್ದೇ. ಉಣಕಲ್ ಕೆರೆ ಕೋಡಿ ಹರಿದು, ನಾಲಾದ ದಂಡೆಯ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಕೆರೆ ತುಂಬಿದ್ದನ್ನು ನೋಡಲು ಜನ ಜಾತ್ರೆಯಂತೆ ಬಂದರು, ನಾಲಾದ ಕಡೆಯವರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ಬಂದರು. ಒಂದೇ ನೀರು. ಮೊದಲಿನವರ ಶ್ರಾವಣ ಕವಿತೆಯಾಗಿದೆ. ಎರಡನೆಯವರದ್ದನ್ನು ಬರೆಯಬೇಕಾದವರು ನಾವು. ಬರೆಯಬೇಕಾದರೆ ಮಳೆಯನ್ನು ನೋಡಿರಬೇಕು: ಮಿರಗದ ಮಳೆ ಬಿದ್ದ ಮರುದಿನ ನೆಲದಿಂದ ಏಳುವ ಕೆಂಪು ಮಖಮಲ್ಲಿನ ಹುಳ, ಸಂಜೆ ದೀಪದ ಕಂಬಕ್ಕೆ ಮುಗಿಬೀಳುವ ಗೆದ್ದಲಿನ ರೆಕ್ಕೆಹುಳ, ಹಗಲಿನಲ್ಲಿ ಎದ್ದರೆ ಅದನ್ನು ಗಾಳಿಯಲ್ಲೇ ಹಿಡಿದು ತಿನ್ನುವ ಕಾಗೆ, ಹದ್ದು. ಹೊಟ್ಟೆ ತುಂಬಿದವರಿಗೆ ಮಾತ್ರ ಇವು ಕಾಣುತ್ತವೆ ಎಂದು ಹೇಳಿದವರಾರು? ಹಸಿದ ಹುಡುಗನಷ್ಟು ಸೂಕ್ಷ್ಮವಾಗಿ ಬಾರಿ ಕಂಟಿಯನ್ನು ಯಾವ ಸಸ್ಯಶಾಸ್ತ್ರಜ್ಞನೂ ನೋಡಿಲ್ಲ. ಯಾವ ಕಂಟಿಯ ಹಣ್ಣು ಹುಳಿ, ಯಾವುದು ಸಂಕ್ರಾಂತಿಗೆ ಮೊದಲೇ ಹಣ್ಣಾಗುತ್ತದೆ, ಯಾವುದಕ್ಕೆ ಕಾವಲು ಇದೆ ಎಲ್ಲವೂ ನಮಗೆ ಬಾಯಿಪಾಠ ಇತ್ತು. ಶಾಲೆಗೆ ಸೇರಿದ ಮೇಲೆ ಅದು ವಿದ್ಯೆಯಲ್ಲ ಎಂದು ಕಲಿಸಿದರು. ಡಿಗ್ರಿ ಮುಗಿಯುವಷ್ಟರಲ್ಲಿ ಮರೆತೇಬಿಟ್ಟೆವು.

ಹೀಗಾಗಿ ನಾವು ಒಂದು ನೋಟುಬುಕ್ಕು ಮಾಡಿದ್ದೇವೆ. ಎರಡು ನೂರು ಪುಟದ್ದು, ಗೆರೆ ಹೊಡೆದದ್ದು. ಅದರಲ್ಲಿ ಹಕ್ಕಿಯ ಹೆಸರು, ದಿನ, ಜಾಗ ಬರೆಯುತ್ತೇವೆ, ಅದನ್ನು ಮೊದಲು ಕಂಡವರು ಯಾರೆಂದೂ ಬರೆಯುತ್ತೇವೆ. ಬಹಳ ಸಲ ಅದು ಕಸ ಹೊಡೆಯುವ ಅಕ್ಕಂದಿರು, ಕೆಲವು ಸಲ ಕಾವಲುಗಾರ (ಅವನೂ ನಮ್ಮಂಥವನೇ, ಬೂಟು ಮಾತ್ರ ಗುತ್ತಿಗೆದಾರನದು). ಪಾಲಿಕೆಯವರನ್ನು ನಾವು ಕೇಳುವುದು ಹೆಚ್ಚಿನದೇನಲ್ಲ. ಎಲೆ ಉದುರುವ ಎರಡು ತಿಂಗಳು ಹೆಚ್ಚಿಗೆ ಕೈ, ಎಲೆ ಒಯ್ಯಲು ಗಾಡಿ, ಗೊಬ್ಬರಕ್ಕೆ ಗುಂಡಿ. ಅವ್ವಂದಿರು ಚಹಾ ಕುಡಿಯಲು ಕೂರುವ ಒಂದು ಜಾಗ, ಶೌಚಾಲಯದ ಹಿಂದಲ್ಲ, ನೀರು ಕಾಣುವ ಕಡೆ. 'ಮಲಗಬಾರದು' ಎಂಬ ಫಲಕ ತೆಗೆಯುವುದು. ಗೇಟಿಗೆ ಚೀಟಿ ಹಚ್ಚುವ ವಿಚಾರ ಯಾರ ತಲೆಯಲ್ಲಾದರೂ ಇದ್ದರೆ ಅದನ್ನು ಅಲ್ಲಿಯೇ ಬಿಡುವುದು. ಸಂಗಾತಿಗಳನ್ನು ಕೇಳುವುದು ಇನ್ನೂ ಕಡಿಮೆ: ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಬನ್ನಿರಿ. ಧಿಕ್ಕಾರ ಕೂಗುವುದನ್ನು ಒಂಬತ್ತರ ನಂತರ ಇಟ್ಟುಕೊಳ್ಳೋಣ, ಹಕ್ಕಿ ಹೆದರುತ್ತವೆ.

ನೋಟುಬುಕ್ಕಿನ ಮೊದಲ ಪುಟದಲ್ಲಿ ಹದ್ದು ಇದೆ. ಮಾಘದಲ್ಲಿ ಮಳೆಮರದ ಮೇಲೆ ಕಟ್ಟಿದ ಗೂಡು, ತೋರಿಸಿದ್ದು ಅವ್ವ. ಗುತ್ತಿಗೆದಾರ ವರ್ಷಕ್ಕೊಂದು ಜೋಡಿ ಕೈಗವಸು ಕೊಡುತ್ತಾನೆ. ಅವ್ವ ಬಿಚ್ಚಿ ಹಾಸುಗಲ್ಲಿನ ಮೇಲಿಟ್ಟು ಚಹಾ ಕುಡಿಯುವಾಗ ಎಡಗೈದು ಕಾಣೆಯಾಗಿತ್ತು. ಕಳೆದದ್ದಕ್ಕೆ ಪಗಾರದಲ್ಲಿ ಮುರಿದುಕೊಂಡರು. ಹದಿನೈದು ದಿನದ ಮೇಲೆ ಹಿರಿಯರಿಂದ ದುರ್ಬೀನು ಇಸಿದುಕೊಂಡು ಗೂಡಿಗೆ ಹಿಡಿದೆವು. ಕಡ್ಡಿ, ತಂತಿ, ಚಿಂದಿಗಳ ನಡುವೆ ಕಿತ್ತಳೆ ಬಣ್ಣದ ಐದು ಬೆರಳು ಹೊರಗೆ ಚಾಚಿದ್ದವು. ಅವ್ವನಿಗೆ ದುರ್ಬೀನು ಕೊಟ್ಟೆವು. ಬಹಳ ಹೊತ್ತು ನೋಡಿದಳು. "ಇರಲಿ ಬಿಡು, ಮರಿಗೆ ಬೆಚ್ಚಗ ಆಗ್ತೈತಿ" ಎಂದು ಹೇಳಿ, ಬಲಗೈಯ ಗವಸು ಹಾಕಿಕೊಂಡು, ಮತ್ತೆ ಹೊಡೆಯಲು ಹೋದಳು.